ತಾತ ಬಂತು, ನಾಯಿ ಬಂದ್ರು

ದಿಯಾಗೆ ಐದು ವರ್ಷವಿದ್ದಾಗ ಮೈಸೂರಿನಿಂದ ಅವಳ ತಾತ ಟೆಕ್ಸಸ್ಸಿನ ಕ್ಯಾರಲ್ಟನ್ನಿನ ಮನೆಗೆ ಬಂದಿಳಿದರು. ಅದೇ ಹೊತ್ತಿಗೆ ಪಕ್ಕದ ಮನೆಯ ನಾಯಿಯೂ ಬೇಲಿ ಹಾರಿ ಬಾಗಿಲಿಗೆ ಬಂದು ನಿಂತಿತು. ದಿಯಾ ಅಡುಗೆಮನೆಗೆ ಓಡಿಬಂದು, ‘ಅಮ್ಮಾ, ತಾತ ಬಂತು, ನಾಯಿ ಬಂದ್ರು’ ಎಂದಳು. ತಾತ ಸೂಟ್‌ಕೇಸು ಕೆಳಗಿಟ್ಟು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಪ್ರಿಯಂವದಾ ಸಾರಿನ ಸೌಟು ಹಿಡಿದುಕೊಂಡೇ ನಕ್ಕಳು.

ಆಮೇಲೆ ಆ ಮಾತು ಒಂದು ಕತೆಯಾಯಿತು. ಯಾರ ಮನೆಯಲ್ಲಿ ಪೂಜೆಯಾದರೂ, ಊಟ ಮುಗಿದು ಪೇಪರ್ ತಟ್ಟೆಗಳನ್ನು ಮಡಚುವ ಹೊತ್ತಿಗೆ ಯಾರಾದರೊಬ್ಬರು ‘ಆ ನಾಯಿ ಕತೆ ಹೇಳಿ’ ಎಂದು ಕೇಳುತ್ತಿದ್ದರು. ಮಾತಿನಲ್ಲಿ ಸದಾ ಎಚ್ಚರದಿಂದಿರುವ ಪ್ರಿಯಂವದಾ, ಆ ಕತೆಯನ್ನು ಮಾತ್ರ ಸಲೀಸಾಗಿ, ದಿಯಾಳ ದನಿಯಲ್ಲಿಯೇ ಹೇಳುತ್ತಿದ್ದಳು. ಎಲ್ಲರೂ ನಗುತ್ತಿದ್ದರು. ತಾನೂ ಜನರನ್ನು ನಗಿಸಬಲ್ಲೆ ಎಂದು ಅವಳಿಗೆ ಸಮಾಧಾನವಾಗುತ್ತಿತ್ತು.

ಈಗ ದಿಯಾಗೆ ಹದಿನಾಲ್ಕು. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಇಲ್ಲಿಯ ಮಕ್ಕಳೆಲ್ಲ ಹಾಗೆಯೇ. ಗೆಳತಿ ನಳಿನಿಯ ಮಕ್ಕಳೂ ಹಾಗೆ, ಎದುರು ಮನೆಯ ತೆಲುಗರ ಮಕ್ಕಳೂ ಹಾಗೆ. ಅದರಲ್ಲಿ ಯೋಚಿಸುವಂಥದ್ದೇನಾದರೂ ಇದೆಯೆಂದು ಪ್ರಿಯಂವದಾಗೆ ಅನ್ನಿಸಿರಲಿಲ್ಲ.

ಯೋಚಿಸುವುದು ಅವಳ ಕೆಲಸವಾಗಿತ್ತು. ಫಾರ್ಮರ್ಸ್ ಬ್ರಾಂಚಿನಲ್ಲಿ, ಫ್ರೀವೇಗೆ ಬೆನ್ನು ಮಾಡಿ ನಿಂತ ಒಂದು ಆಫೀಸ್ ಕಟ್ಟಡದ ಎರಡನೆಯ ಮಹಡಿಯಲ್ಲಿ, ಹದಿಹರೆಯದವರಿಗಾಗಿ ಇದ್ದ ಕ್ಲಿನಿಕ್ಕಿನಲ್ಲಿ ಅವಳು ಕೌನ್ಸೆಲರ್. ಬರುವವರಲ್ಲಿ ಹೆಚ್ಚಿನವರು ಮೆಕ್ಸಿಕೊ, ಹೊಂಡುರಾಸ್, ಗ್ವಾಟೆಮಾಲಾಗಳಿಂದ ಬಂದ ಮನೆಗಳ ಮಕ್ಕಳು. ಗಡಿ ದಾಟುವಾಗ ಏನನ್ನೋ ನೋಡಿದವರು, ಯಾರನ್ನೋ ಕಳೆದುಕೊಂಡವರು, ಬಾಗಿಲು ಬಡಿದ ಸದ್ದಿಗೆ ಮೇಜಿನ ಕೆಳಗೆ ಹೋಗುವವರು. ಈ ಕೆಲಸಕ್ಕೆಂದೇ ಪ್ರಿಯಂವದಾ ಸಂಜೆ ತರಗತಿಗಳಿಗೆ ಹೋಗಿ ಸ್ಪ್ಯಾನಿಷ್ ಕಲಿತಿದ್ದಳು. ಕೇಳಿದರೆ ತಿಳಿಯುತ್ತಿತ್ತು. ಮಾತಾಡುವಾಗ ಎಡವುತ್ತಿದ್ದಳು. ಎಡವಿದ್ದನ್ನು ಯಾರಾದರೂ ನೋಡುವುದು ಅವಳಿಗೆ ಸಹಿಸದು, ಆದ್ದರಿಂದ ಸ್ಪ್ಯಾನಿಷ್ ಕಡಿಮೆ ಆಡುತ್ತಿದ್ದಳು.

ಮಾರ್ಚ್ ತಿಂಗಳಲ್ಲಿ ಡೋನ್ಯಾ ಚೆಲೊ ತನ್ನ ಮೊಮ್ಮಗಳು ಇಟ್ಸೆಲ್‌ಳನ್ನು ಕರೆದುಕೊಂಡು ಬಂದಳು. ಡೋನ್ಯಾ ಅಂದರೆ ಹಿರಿಯ ಹೆಂಗಸರನ್ನು ಮರ್ಯಾದೆಯಿಂದ ಕರೆಯುವ ಮಾತು. ಇಟ್ಸೆಲ್‌ಗೆ ಹದಿನೈದು. ತಾಯಿ ಬಹಳ ಹಿಂದೆಯೇ ತೀರಿಕೊಂಡಿದ್ದಳು. ಎಂಟು ವರ್ಷದವಳಿದ್ದಾಗ ಅಪ್ಪ ಮತ್ತು ಅಜ್ಜಿಯ ಜೊತೆ ಮೆಕ್ಸಿಕೊದಿಂದ ಹ್ಯೂಸ್ಟನ್ನಿಗೆ ಬಂದವಳು. ಕಳೆದ ಚಳಿಗಾಲದಲ್ಲಿ ಅವಳೂ ಅಪ್ಪನೂ ಟ್ರಕ್ಕಿನಲ್ಲಿ ಹೋಗುತ್ತಿದ್ದಾಗ, ಹಿಂದಿನ ದೀಪ ಒಡೆದಿದೆಯೆಂದು ಪೊಲೀಸಿನವನು ನಿಲ್ಲಿಸಿದ್ದ. ಅಪ್ಪನನ್ನು ಅಲ್ಲಿಂದಲೇ ಕರೆದೊಯ್ದರು. ಕೆಲವು ವಾರಗಳಾದ ಮೇಲೆ ಅವನನ್ನು ಮೆಕ್ಸಿಕೊಗೆ ಕಳಿಸಿಬಿಟ್ಟರು. ಅಜ್ಜಿ ಮೊಮ್ಮಗಳು ಡಾಲಸ್ಸಿನಲ್ಲಿದ್ದ ಚಿಕ್ಕಪ್ಪನ ಮನೆ ಸೇರಿದರು. ಅಂದಿನಿಂದ ಇಟ್ಸೆಲ್‌ಗೆ ನಿದ್ದೆಯಿಲ್ಲ. ಕಾರು ಹತ್ತಿದರೆ ವಾಂತಿ.

‘ಇವಳು ಮಾತಾಡೋದಿಲ್ಲ, ಸೆನ್ಯೋರಾ’ ಎಂದಳು ಡೋನ್ಯಾ ಚೆಲೊ ಸ್ಪ್ಯಾನಿಷಿನಲ್ಲಿ. ‘ಇದು ಸುಸ್ತೊ.’

ಆ ಪದ ಪ್ರಿಯಂವದಾಗೆ ತಿಳಿದಿತ್ತು. ದೊಡ್ಡ ಹೆದರಿಕೆಗೆ ಜೀವ ಮೈಯಿಂದ ಹಾರಿ, ಹೆದರಿದ ಜಾಗದಲ್ಲೇ ಉಳಿದುಬಿಡುತ್ತದೆ ಎಂದು ಅವರ ನಂಬಿಕೆ. ಆದರೂ ಅದನ್ನು ಕೇಳಿದಾಗಲೆಲ್ಲ ಅವಳ ಮೈಸೂರಿನ ಕಿವಿಗೆ ಮೊದಲು ‘ಸುಸ್ತು’ ಎಂದೇ ಕೇಳುತ್ತಿತ್ತು.

‘ನಮ್ಮಲ್ಲೂ ಇದೆ’ ಎಂದಳು ಪ್ರಿಯಂವದಾ ತಡವರಿಸುತ್ತ ಸ್ಪ್ಯಾನಿಷಿನಲ್ಲೇ. ‘ಮಕ್ಕಳು ಬೆಚ್ಚಿಬಿದ್ರೆ ದೃಷ್ಟಿ ತೆಗೀತಾರೆ.’

‘ಹಾಗಾದರೆ ನಿಮಗೆ ಗೊತ್ತು. ಹ್ಯೂಸ್ಟನ್ನಿಗೆ ಕರೆದುಕೊಂಡು ಹೋಗಿ, ಆ ರಸ್ತೆಯಲ್ಲಿ ನಿಂತು ಇವಳ ಹೆಸರು ಕೂಗಬೇಕು.’

‘ಈಗಲೇ ಬೇಡ. ಆ ಜಾಗ ನೋಡಿದರೆ ಇನ್ನೂ ಹೆಚ್ಚಾಗಬಹುದು. ನಿಧಾನವಾಗಿ ಹೋಗೋಣ.’

ಅಷ್ಟರಲ್ಲಿ ಇಟ್ಸೆಲ್ ಚೊಕ್ಕ ಇಂಗ್ಲಿಷಿನಲ್ಲಿ, ‘ನಾನು ಮಾತಾಡ್ತೀನಿ. ಈಗ ಮಾತಾಡ್ತಾ ಇದೀನಲ್ಲ’ ಎಂದಳು. ಕಾಲಮೇಲೆ ಕಾಲು ಹಾಕಿಕೊಂಡಿದ್ದಳು, ಬೂಟಿನ ಲೇಸು ಬಿಚ್ಚಿತ್ತು.

ಪ್ರಿಯಂವದಾ ನಕ್ಕಳು. ಅಜ್ಜಿಯ ಆತಂಕದ ಗಂಟು ತನ್ನ ಕೈಗೆ ಇಷ್ಟು ಸುಲಭವಾಗಿ ಸಿಕ್ಕಿತಲ್ಲ ಎಂಬ ಖುಷಿ ಆ ನಗುವಿನಲ್ಲಿತ್ತು. ‘ಡೋನ್ಯಾ ಚೆಲೊ, ನಮ್ಮ ಮನೇಲೂ ಹೀಗೇ. ನಾನು ನಮ್ಮ ಭಾಷೇಲಿ ಕೇಳ್ತೀನಿ, ಮಗಳು ಇಂಗ್ಲಿಷಲ್ಲಿ ಹೇಳ್ತಾಳೆ. ಇಲ್ಲಿಯ ಮಕ್ಕಳೆಲ್ಲ ಹೀಗೇ. ಇದಕ್ಕೆ ಹೆದರಬೇಡಿ.’

ಡೋನ್ಯಾ ಚೆಲೊ ಮಡಿಲಲ್ಲಿದ್ದ ಪರ್ಸಿನ ಜಿಪ್ಪನ್ನು ಎಳೆದು ಮುಚ್ಚಿದಳು. ‘ನೀವು ಹೇಳಿದ ಮೇಲೆ ಸರಿ’ ಎಂದಳು. ಆ ಮಾತನ್ನು ಮತ್ತೆ ಎತ್ತಲಿಲ್ಲ.

ಬೇಸಿಗೆಯೆಲ್ಲ ಇಟ್ಸೆಲ್ ತಪ್ಪದೆ ಬಂದಳು. ಉಸಿರಾಟ ಹಿಡಿತಕ್ಕೆ ಬಂತು, ನಿದ್ದೆ ಬಂತು. ಮೊದಲು ನಿಂತ ಕಾರಿನಲ್ಲಿ, ಆಮೇಲೆ ಓಡುವ ಕಾರಿನಲ್ಲಿ ಕೂರುವುದಾಯಿತು. ಕ್ಲಿನಿಕ್ಕಿನಲ್ಲಿ ಎಲ್ಲರೂ ಮೆಚ್ಚಿದರು. ಒಂದು ದಿನ ಪ್ರಿಯಂವದಾ, ಅಪ್ಪ ಫೋನ್ ಮಾಡುತ್ತಾನೆಯೇ ಎಂದು ಕೇಳಿದಳು.

‘ಪ್ರತಿ ಭಾನುವಾರ. ಊಟ ಆದ್ಮೇಲೆ. ನನ್ನನ್ನೇ ಕೇಳ್ತಾರೆ’ ಎಂದಳು ಇಟ್ಸೆಲ್ ಇಂಗ್ಲಿಷಿನಲ್ಲಿ. ‘ನಾನು ಹೋಗಲ್ಲ. ನನಗೆ...’ ಎಂದು ಹುಡುಕಿ, ಕಿಟಕಿಯ ಕಡೆ ತಿರುಗಿ ‘ಪೆನಾ’ ಎಂದಳು.

ಅಷ್ಟು ತಿಂಗಳಲ್ಲಿ ಅವಳ ಬಾಯಿಂದ ಬಂದ ಒಂದೇ ಒಂದು ಸ್ಪ್ಯಾನಿಷ್ ಪದ ಅದು. ಪೆನಾ ಅಂದರೆ ದುಃಖ ಎಂದು ಸಂಜೆ ತರಗತಿಯಲ್ಲಿ ಕಲಿಸಿದ್ದರು. ಪ್ರಿಯಂವದಾ ಮನಸ್ಸಿನಲ್ಲೇ ಅದನ್ನು ‘ಬೇಜಾರು’ ಮಾಡಿಕೊಂಡಳು. ಅಪ್ಪ ದೂರವಾದ ಬೇಜಾರು. ‘ಬೇಜಾರು ಇಳಿಯೋವರೆಗೂ ನೀನು ಮಾತಾಡಲೇಬೇಕು ಅಂತಿಲ್ಲ’ ಎಂದು ಹೇಳಿದಳು. ಇಟ್ಸೆಲ್ ತಲೆಯಾಡಿಸಿದಳು. ಆ ದಿನ ಹೊರಡುವಾಗ ಹುಡುಗಿ ಅಜ್ಜಿಯ ತೋಳನ್ನು ಎಳೆದು, ಅವಳ ಚೀಲದಲ್ಲಿದ್ದ ನೀರಿನ ಬಾಟಲಿಯನ್ನು ಬೆರಳಿಂದ ತೋರಿಸಿದ್ದನ್ನು ಪ್ರಿಯಂವದಾ ನೋಡಿದಳು. ಅವಳ ಕಣ್ಣಿಗೆ ಯಾವುದೂ ತಪ್ಪುವುದಿಲ್ಲ. ನೋಡಿದಳು, ಮುಂದಿನ ಹುಡುಗನನ್ನು ಒಳಗೆ ಕರೆದಳು.

ಸೆಪ್ಟೆಂಬರಿನ ಒಂದು ಶುಕ್ರವಾರ ಆಸ್ಟಿನ್ನಿನಲ್ಲಿ ಇಂಥ ಮಕ್ಕಳ ಜೊತೆ ಕೆಲಸ ಮಾಡುವವರದೊಂದು ಸಭೆಯಿತ್ತು. ಮಕ್ಕಳ ಮನೆಯ ನಂಬಿಕೆ, ಭಾಷೆ, ನಡೆನುಡಿಗಳನ್ನು ಅರಿತು ಚಿಕಿತ್ಸೆ ಕೊಡುವುದು ಹೇಗೆ ಎಂಬುದು ವಿಷಯ. ಪ್ರಿಯಂವದಾ ಮಾತಾಡುವವಳಿದ್ದಳು. ಗಂಡ ಮಧ್ವೇಶ ಆಸ್ಟಿನ್ನಿಗೆ ಹತ್ತಿರದ ಟೇಲರ್ ಊರಿನ ಚಿಪ್ ಕಾರ್ಖಾನೆಯಲ್ಲಿ ಎಂಜಿನಿಯರ್, ವಾರದ ದಿನಗಳಲ್ಲಿ ಅಲ್ಲೇ ಇರುತ್ತಿದ್ದ. ದಿಯಾಳನ್ನು ನಳಿನಿಯ ಮನೆಯಲ್ಲಿ ಬಿಟ್ಟು ಅವಳು ಹೊರಟಳು.

ಮಾತಿನ ಆರಂಭಕ್ಕೆ ಅವಳು ನಾಯಿ ಕತೆ ಹೇಳಿದಳು. ಕನ್ನಡದಲ್ಲಿ ಹಿರಿಯರಿಗೊಂದು ಕ್ರಿಯಾಪದ, ಪ್ರಾಣಿಗಳಿಗೊಂದು ಎಂದು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಬೇಕಾಯಿತು. ಆದರೂ ಸಭೆ ನಕ್ಕಿತು. ಆಮೇಲೆ ಹೆಸರು ಊರು ಹೇಳದೆ ಇಟ್ಸೆಲ್ ವಿಷಯ ಎತ್ತಿದಳು. ಅಜ್ಜಿ ಕಾಯಿಲೆಯೆಂದು ಹೆದರಿದ್ದನ್ನು ತಾನು ವಲಸೆ ಬಂದ ತಾಯಿಯಾಗಿ ಕೂಡಲೇ ಗುರುತಿಸಿದೆ, ಎರಡನೆಯ ತಲೆಮಾರಿನ ಮಕ್ಕಳ ಭಾಷೆ ಹೀಗೆಯೇ ಬದಲಾಗುತ್ತದೆ, ನಮ್ಮ ನಮ್ಮ ಮನೆಯ ಅನುಭವವೂ ಒಂದು ಸಲಕರಣೆ ಎಂದಳು. ಚಪ್ಪಾಳೆ ಬಿತ್ತು.

ಪ್ರಶ್ನೆಯ ಹೊತ್ತಿಗೆ ಎರಡನೆಯ ಸಾಲಿನಲ್ಲಿದ್ದ ಒಬ್ಬ ಹೆಂಗಸು ಕೈಯೆತ್ತಿದಳು. ಗ್ರಾಸಿಯೆಲಾ ಎಂದು ಹೆಸರು, ಹ್ಯೂಸ್ಟನ್ನಿನಲ್ಲಿ ಇದೇ ಕೆಲಸ ಮಾಡುವವಳು. ಕೂದಲು ಬೆಳ್ಳಗಿತ್ತು, ದನಿ ಮೆತ್ತಗಿತ್ತು.

‘ಹುಡುಗಿ ಇಲ್ಲಿ ಹುಟ್ಟಿದವಳಾ?’

‘ಇಲ್ಲ. ಎಂಟು ವರ್ಷಕ್ಕೆ ಬಂದವಳು.’

‘ಆ ಘಟನೆ ಆಗೋಕೆ ಮುಂಚೆ ಮನೆಯಲ್ಲಿ ಯಾವ ಭಾಷೆ ಆಡ್ತಿದ್ದಳು?’

ಅದನ್ನು ಪ್ರಿಯಂವದಾ ಕೇಳಿಯೇ ಇರಲಿಲ್ಲ.

‘ಅಜ್ಜಿಗೆ ಇಂಗ್ಲಿಷ್ ಬರುತ್ತಾ?’ ಗ್ರಾಸಿಯೆಲಾ ಕೇಳಿದಳು.

‘ಇಲ್ಲ.’

‘ಅಪ್ಪನಿಗೆ?’

‘ಇಲ್ಲ.’

‘ಹಾಗಿದ್ದರೆ ಹಸಿವಾದಾಗ ಆ ಹುಡುಗಿ ಅಜ್ಜಿಯ ಹತ್ತಿರ ಹೇಗೆ ಕೇಳ್ತಾಳೆ?’

ಚುಚ್ಚುವ ದನಿ ಅದಾಗಿರಲಿಲ್ಲ. ನಿಜವಾಗಿಯೂ ತಿಳಿಯಬೇಕೆಂದು ಕೇಳಿದ್ದಳು. ಪ್ರಿಯಂವದಾಳ ಕಣ್ಣ ಮುಂದೆ ನೀರಿನ ಬಾಟಲಿ ಬಂತು, ಅದನ್ನು ತೋರಿಸುತ್ತಿದ್ದ ಬೆರಳು ಬಂತು. ತನ್ನ ಮಗಳು ಇಂಗ್ಲಿಷಿನಲ್ಲಿ ಉತ್ತರಿಸಿದರೆ ತನಗೆ ತಿಳಿಯುತ್ತದೆ. ಇಟ್ಸೆಲ್ ಇಂಗ್ಲಿಷಿನಲ್ಲಿ ಉತ್ತರಿಸಿದರೆ ಆ ಮನೆಯಲ್ಲಿ ಅದು ಮೂಕತನವೇ. ‘ಇವಳು ಮಾತಾಡೋದಿಲ್ಲ’ ಎಂದು ಅಜ್ಜಿ ಮೊದಲನೆಯ ದಿನವೇ, ಮೊದಲನೆಯ ವಾಕ್ಯದಲ್ಲೇ ಹೇಳಿದ್ದಳು. ಅಪ್ಪನಿಗೆ ಭಾನುವಾರಗಳಂದು ಮಗಳ ದನಿಯೇ ಇಲ್ಲ. ಮಾತಾಡಬೇಕೆಂದಿಲ್ಲ ಎಂದು ಅವಳಿಗೆ ಹೇಳಿಕೊಟ್ಟದ್ದು ತಾನು.

‘ನಾನು ಅದನ್ನ ಗಮನಿಸಲಿಲ್ಲ’ ಎಂದಳು ಪ್ರಿಯಂವದಾ. ಕೈಯಲ್ಲಿದ್ದ ಮೈಕಿನಿಂದ ಆ ಮಾತು ಸಭಾಂಗಣದ ತುದಿಯವರೆಗೂ ಹೋಯಿತು.

ಊಟದ ಬಿಡುವಿನಲ್ಲಿ ಅವಳು ಬಾತ್‌ರೂಮಿನಲ್ಲಿ ನಿಂತು ಫೋನ್ ನೋಡಿದಳು. ಕ್ಲಿನಿಕ್ಕಿನಿಂದ ಸಂದೇಶ ಬಂದಿತ್ತು. ಡೋನ್ಯಾ ಚೆಲೊ ಮುಂದಿನ ಭೇಟಿಗಳನ್ನೆಲ್ಲ ರದ್ದು ಮಾಡಿಸಿ, ಮೊಮ್ಮಗಳನ್ನು ಹ್ಯೂಸ್ಟನ್ನಿನ ತಂಗಿಯ ಮನೆಗೆ ಕರೆದೊಯ್ದಿದ್ದಳು.

ಸಂಜೆ ಟೇಲರಿನ ಅಪಾರ್ಟ್‌ಮೆಂಟಿನಲ್ಲಿ ಮಧ್ವೇಶ ಚಿತ್ರಾನ್ನ ಕಲಸಿಟ್ಟಿದ್ದ. ಅವಳು ತಟ್ಟೆಯಲ್ಲಿದ್ದ ಕಡಲೇಬೀಜಗಳನ್ನು ಒಂದು ಕಡೆ ಸರಿಸುತ್ತ ಕೂತಳು.

‘ಏನಾಯ್ತೇ? ಭಾಷಣ ಚೆನ್ನಾಗಾಗ್ಲಿಲ್ವಾ?’

‘ಚೆನ್ನಾಗೇ ಆಯ್ತು. ಎಲ್ರೂ ನಕ್ರು.’

‘ಮತ್ಯಾಕೆ ಬೇಜಾರು?’

‘ಬೇಜಾರಲ್ಲ ರೀ. ನಾಚಿಕೆ.’

‘ನಾಚಿಕೆನಾ? ಈ ವಯಸ್ಸಲ್ಲಾ?’ ಎಂದು ಅವನು ನಕ್ಕ. ಅವಳು ನಗದಿದ್ದುದನ್ನು ನೋಡಿ, ಉಪ್ಪಿನಕಾಯಿಯ ಬಾಟಲಿಯನ್ನು ಅವಳ ಕಡೆ ತಳ್ಳಿದ. ‘ಹೇಳು’ ಎಂದ.

ಹೇಳಲು ಅವಳಿಗಾಗಲಿಲ್ಲ. ಹೆಸರು ಹೇಳುವಂತಿರಲಿಲ್ಲ ಎಂಬುದು ಒಂದು ಕಾರಣ. ತಾನು ತಪ್ಪು ಮಾಡಿದ್ದಕ್ಕಿಂತ, ಅದನ್ನು ಜಾಣತನವೆಂದು ಊರೂರಿಗೆ ಹೊತ್ತು ತಂದು ಹೇಳಿದೆನಲ್ಲ ಎಂಬುದೇ ಹೆಚ್ಚು ಸುಡುತ್ತಿತ್ತು.

ಶನಿವಾರ ಬೆಳಿಗ್ಗೆ ಮೊದಲು ತನ್ನ ಮೇಲಿನವರಿಗೆ ಫೋನ್ ಮಾಡಿ ನಡೆದದ್ದನ್ನು ತಿಳಿಸಿದಳು. ಹುಡುಗಿಯ ಮನೆಯವರು ಒಪ್ಪಿದರೆ ಹೋಗಿ ಬಾ ಎಂದರು. ಆಮೇಲೆ ಡೋನ್ಯಾ ಚೆಲೊಗೆ ಮಾಡಿದಳು. ಹೇಳಬೇಕಾದ ಸ್ಪ್ಯಾನಿಷ್ ವಾಕ್ಯಗಳನ್ನು ಮೊದಲೇ ಬಾಯಿಪಾಠ ಮಾಡಿಕೊಂಡಿದ್ದಳು.

‘ನಿಮ್ಮ ಮೇಲೆ ಕೋಪವಿಲ್ಲ, ಸೆನ್ಯೋರಾ’ ಎಂದಳು ಡೋನ್ಯಾ ಚೆಲೊ. ‘ನೀವು ಇದು ಮಾಮೂಲು ಎಂದಿರಿ. ಮಾಮೂಲಿಗೆ ಯಾಕೆ ಕ್ಲಿನಿಕ್ಕು ಎಂದುಕೊಂಡೆ.’

‘ನಾನು ತಪ್ಪು ಹೇಳಿದೆ. ನಾಳೆ ನಾನು ಅಲ್ಲಿಗೆ ಬರಬಹುದೇ?’

ಆ ಕಡೆ ಪಾತ್ರೆಯ ಸದ್ದು ಕೇಳಿಸಿತು. ‘ಮಧ್ಯಾಹ್ನ ಅವನ ಫೋನ್ ಬರುತ್ತದೆ. ಅದಕ್ಕೆ ಮುಂಚೆ ಬನ್ನಿ.’

ಹ್ಯೂಸ್ಟನ್ನಿನಲ್ಲಿ ತಂಗಿ ಲೂಪೆಯ ಮನೆ ಒಂದು ಹಳೆಯ ಅಪಾರ್ಟ್‌ಮೆಂಟಿನ ಮಹಡಿಯಲ್ಲಿತ್ತು. ಕಬ್ಬಿಣದ ಮೆಟ್ಟಿಲು, ಕೆಳಗೆ ಎಲ್ಲರಿಗೂ ಸೇರಿದ ಬಟ್ಟೆ ಒಗೆಯುವ ಯಂತ್ರಗಳು. ಬಾಗಿಲು ತೆರೆಯುತ್ತಿದ್ದಂತೆ ರೋಸ್‌ಮೇರಿ ಸೊಪ್ಪಿನ ವಾಸನೆ ಬಂತು. ಬೆಳಿಗ್ಗೆ ಮೂವರೂ ಆ ರಸ್ತೆಗೆ ಹೋಗಿ ಬಂದಿದ್ದರು. ಟೈರ್ ಅಂಗಡಿಯ ಪಕ್ಕದಲ್ಲಿ, ಟ್ರಕ್ಕು ನಿಂತಿದ್ದ ಜಾಗದಲ್ಲಿ, ಡೋನ್ಯಾ ಚೆಲೊ ಸೊಪ್ಪಿನ ಕಟ್ಟಿನಿಂದ ಮೊಮ್ಮಗಳನ್ನು ತಲೆಯಿಂದ ಪಾದದವರೆಗೆ ಸವರಿ, ‘ಬಾ ಇಟ್ಸೆಲ್, ಅಲ್ಲಿ ಇರಬೇಡ, ಬಾ’ ಎಂದು ಕೂಗಿದ್ದಳು.

‘ಕೂಗಿದೆ. ಬಂದಳೋ ಇಲ್ಲವೋ ತಿಳಿಯದು’ ಎಂದಳು.

ಸೊಪ್ಪಿನ ಕಟ್ಟು ಸಿಂಕಿನ ಪಕ್ಕದಲ್ಲಿ ಬಾಡಿ ಬಿದ್ದಿತ್ತು. ಪ್ರಿಯಂವದಾಗೆ ತನ್ನ ಅಮ್ಮ ಉಪ್ಪು ಮೆಣಸಿನಕಾಯಿ ನಿವಾಳಿಸುತ್ತಿದ್ದುದು ನೆನಪಾಯಿತು. ‘ನಮ್ಮಲ್ಲೂ’ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡಳು.

ಲೂಪೆ ಕುರ್ಚಿ ಎಳೆದು ಕೊಟ್ಟಳು. ಇಟ್ಸೆಲ್ ಫ್ರಿಜ್ಜಿಗೆ ಒರಗಿ ನಿಂತಿದ್ದಳು, ಕಣ್ಣು ನೆಲದ ಮೇಲಿತ್ತು. ಪ್ರಿಯಂವದಾ ಕೂರಲಿಲ್ಲ. ಈ ಮಾತನ್ನು ಸ್ಪ್ಯಾನಿಷಿನಲ್ಲಿಯೇ, ಹುಡುಗಿಯ ಎದುರಿನಲ್ಲಿಯೇ ಹೇಳಬೇಕೆಂದು ದಾರಿಯುದ್ದಕ್ಕೂ ತೀರ್ಮಾನಿಸಿಕೊಂಡು ಬಂದಿದ್ದಳು.

‘ಡೋನ್ಯಾ ಚೆಲೊ, ನೀವು ಮೊದಲ ದಿನ ಹೇಳಿದ್ದನ್ನು ನಾನು ಕೇಳಿಸಿಕೊಳ್ಳಲಿಲ್ಲ. ನನ್ನ ಮನೆಯನ್ನು ನಿಮ್ಮ ಮನೆಯಲ್ಲಿ ನೋಡಿದೆ. ನನಗೆ ತುಂಬಾ...’ ನಾಚಿಕೆ ಎಂಬುದಕ್ಕೆ ಪದ ಹೊಳೆಯಲಿಲ್ಲ. ಇಂಗ್ಲಿಷಿನ ಎಂಬ್ಯಾರಸ್ ಎಂಬುದಕ್ಕೆ ಹತ್ತಿರದ್ದೊಂದು ಪದ ನಾಲಿಗೆಗೆ ಸಿಕ್ಕಿತು. ‘ನಾನು ತುಂಬಾ ಎಂಬರಾಸಾದಾ ಆಗಿದ್ದೇನೆ’ ಎಂದಳು.

ಲೂಪೆಯ ಕಣ್ಣು ಮೆಲ್ಲಗೆ ಪ್ರಿಯಂವದಾಳ ಹೊಟ್ಟೆಯ ಕಡೆ ಇಳಿಯಿತು. ‘ಅಭಿನಂದನೆಗಳು, ಸೆನ್ಯೋರಾ’ ಎಂದಳು. ಆಮೇಲೆ ತಡೆಯಲಾರದೆ ಬಾಯಿಗೆ ಸೆರಗಿನಂತೆ ಟವೆಲ್ ಒತ್ತಿಕೊಂಡು ನಕ್ಕಳು. ಡೋನ್ಯಾ ಚೆಲೊ ‘ಲೂಪೆ’ ಎಂದು ಗದರಿದಳು, ಗದರುವಾಗ ಅವಳ ಗಲ್ಲವೂ ಅದುರುತ್ತಿತ್ತು.

ಯಾಕೆ ನಗುತ್ತಿದ್ದಾರೆಂದು ಪ್ರಿಯಂವದಾಗೆ ತಿಳಿಯಲಿಲ್ಲ. ನಕ್ಕದ್ದು ತನಗೆ ಎಂಬುದಷ್ಟೇ ತಿಳಿಯಿತು. ಕಿವಿಯ ತುದಿಯವರೆಗೂ ಬಿಸಿಯಾಯಿತು. ಇನ್ನು ಈ ಭಾಷೆಯಲ್ಲಿ ಒಂದು ಮಾತೂ ಆಡಬಾರದು ಎಂದು ಮೈಯೆಲ್ಲ ಹೇಳಿತು.

‘ಆಪೆನಾದಾ’ ಎಂದು ಫ್ರಿಜ್ಜಿನ ಕಡೆಯಿಂದ ದನಿ ಬಂತು.

ಮೂವರೂ ತಿರುಗಿದರು. ಇಟ್ಸೆಲ್ ಇನ್ನೂ ನೆಲವನ್ನೇ ನೋಡುತ್ತಿದ್ದಳು. ‘ಅದು ಆಪೆನಾದಾ’ ಎಂದಳು ಸ್ಪ್ಯಾನಿಷಿನಲ್ಲಿ, ಒರಟಾಗಿ, ಬಹಳ ದಿನ ಮುಚ್ಚಿದ್ದ ನಲ್ಲಿ ತಿರುಗಿಸಿದ ಹಾಗೆ. ‘ಅಜ್ಜಿ, ಅವರು ಬಸುರಿಯಲ್ಲ. ಅವರಿಗೆ ಪೆನಾ ಆಗಿದೆ ಅಂತ ಹೇಳ್ತಿದಾರೆ.’

ಲೂಪೆಯ ನಗು ಟವೆಲಿನಲ್ಲೇ ನಿಂತಿತು. ಡೋನ್ಯಾ ಚೆಲೊ ಒಲೆಯನ್ನು ಆರಿಸಿ, ಅಲ್ಲೇ ಕೈಯೂರಿ ನಿಂತಳು.

ಪೆನಾ. ಇವರ ಮಾತಿನಲ್ಲಿ ಅದು ದುಃಖವಲ್ಲ, ನಾಚಿಕೆ. ಹುಡುಗಿ ಅದನ್ನು ಬೇಸಿಗೆಯಲ್ಲೇ ಹೇಳಿದ್ದಳು. ಪ್ರಿಯಂವದಾ ತೊದಲುತ್ತ, ತಪ್ಪು ಮಾಡುತ್ತ, ಸ್ಪ್ಯಾನಿಷಿನಲ್ಲಿಯೇ ಕೇಳಿದಳು: ‘ಇಟ್ಸೆಲ್, ನಿನಗೆ ಯಾತರದು ಪೆನಾ?’

ಇಟ್ಸೆಲ್ ಉತ್ತರವನ್ನು ಅವಳಿಗೆ ಹೇಳಲಿಲ್ಲ. ಅಜ್ಜಿಗೆ ಹೇಳಿದಳು. ಒಮ್ಮೆ ಶುರುವಾದದ್ದು ನಿಲ್ಲಲಿಲ್ಲ. ಅಷ್ಟು ಬಿರುಸಿನ ಸ್ಪ್ಯಾನಿಷ್ ಪ್ರಿಯಂವದಾಗೆ ಅರ್ಧವೇ ಸಿಕ್ಕಿತು. ಡೋನ್ಯಾ ಚೆಲೊ ಮಾತ್ರ ಒಂದೊಂದು ಮಾತಿಗೂ ಕಣ್ಣು ಮುಚ್ಚಿ ತೆರೆಯುತ್ತಿದ್ದಳು. ಮುಗಿದಾಗ ಇಟ್ಸೆಲ್, ವರ್ಷಗಳ ಅಭ್ಯಾಸದಿಂದೆಂಬಂತೆ ಪ್ರಿಯಂವದಾಳ ಕಡೆ ತಿರುಗಿ, ಹೇಳಿದ್ದನ್ನೆಲ್ಲ ಇಂಗ್ಲಿಷಿಗೆ ತಂದಳು. ಆಸ್ಪತ್ರೆಯಲ್ಲಿ, ಬ್ಯಾಂಕಿನಲ್ಲಿ, ಬಾಡಿಗೆ ಆಫೀಸಿನಲ್ಲಿ, ಮನೆಗೆ ಅವಳೇ ದುಭಾಷಿಯಾಗಿದ್ದಳು.

ಆ ದಿನವೂ ಹಾಗೆಯೇ. ಪೊಲೀಸಿನವನು ಟ್ರಕ್ಕಿನ ಕಿಟಕಿಯಲ್ಲಿ ಬಗ್ಗಿ, ಅಪ್ಪನ ಹತ್ತಿರ ಪೇಪರ್ಸ್ ಇದೆಯಾ ಎಂದು ಕೇಳಿದ್ದ. ಅವನು ಕೇಳಿದ್ದು ಟ್ರಕ್ಕಿನ ಇನ್ಶೂರೆನ್ಸಿನದು. ಅದು ಅವಳ ಮೊಣಕಾಲಿನ ಎದುರಿನ ಡಬ್ಬಿಯಲ್ಲೇ ಇತ್ತು. ಇಟ್ಸೆಲ್ ಅದನ್ನು ‘ಪಾಪೆಲೆಸ್’ ಮಾಡಿದಳು. ಅವರ ಮನೆಯಲ್ಲಿ ಪಾಪೆಲೆಸ್ ಅಂದರೆ ಈ ದೇಶದಲ್ಲಿರಲು ಬೇಕಾದ ಕಾಗದಪತ್ರ. ಅಪ್ಪ ತಲೆ ತಗ್ಗಿಸಿ, ಇಲ್ಲ ಎಂದ. ಇಟ್ಸೆಲ್ ಪೊಲೀಸಿನವನಿಗೆ ಇಂಗ್ಲಿಷಿನಲ್ಲಿ, ‘ಅವರ ಹತ್ತಿರ ಪೇಪರ್ಸ್ ಇಲ್ಲವಂತೆ’ ಎಂದಳು. ಹೇಳಿದ ಮೇಲೆ ಪೊಲೀಸಿನವನ ಮುಖ ನೋಡಿದಾಗಲೇ ಅವಳಿಗೆ ತಾನೇನು ಹೇಳಿದೆ ಎಂದು ಗೊತ್ತಾದದ್ದು.

‘ನಾನು ಆಮೇಲೆ ಸ್ಪ್ಯಾನಿಷ್ ಮಾತಾಡ್ಲಿಲ್ಲ. ಮತ್ತೆ ಯಾರಾದ್ರೂ ನನ್ನನ್ನ ಅನುವಾದ ಮಾಡು ಅಂತ ಕೇಳ್ತಾರೇನೋ ಅಂತ’ ಎಂದಳು ಇಂಗ್ಲಿಷಿನಲ್ಲಿ.

ಡೋನ್ಯಾ ಚೆಲೊ ಬಂದು ಮೊಮ್ಮಗಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದಳು. ಅವಳು ನಿಧಾನವಾಗಿ ಮಾತಾಡಿದ್ದರಿಂದ ಪ್ರಿಯಂವದಾಗೂ ತಿಳಿಯಿತು. ‘ನಮ್ಮ ಮನೆಯಲ್ಲಿ ಆ ಪದಕ್ಕೆ ಒಂದೇ ಅರ್ಥವಿತ್ತು. ಮಲಗುವಾಗ, ಊಟಕ್ಕೆ ಕೂತಾಗ ನಾವು ಆಡುತ್ತಿದ್ದದ್ದು ಅದನ್ನೇ. ನಿನಗೆ ಕಲಿಸಿದವಳು ನಾನು, ನಿನ್ನ ಅಪ್ಪ. ಬೇರೆ ಅರ್ಥ ನಿನಗೆ ಎಲ್ಲಿಂದ ಬರಬೇಕು?’

ಮೇಜಿನ ಮೇಲಿದ್ದ ಅಜ್ಜಿಯ ಫೋನ್ ನಡುಗತೊಡಗಿತು. ಪರದೆಯ ಮೇಲೆ ಟೋಪಿ ಹಾಕಿಕೊಂಡ ಗಂಡಸಿನ ಮುಖ ಬಂತು. ಯಾರೂ ಅದನ್ನು ಮುಟ್ಟಲಿಲ್ಲ. ಇಟ್ಸೆಲ್ ಪ್ರಿಯಂವದಾಳ ಕಡೆ ನೋಡಿದಳು, ಏನು ಮಾಡಲಿ ಎಂದು ಕೇಳುವ ಹಾಗೆ. ಹೇಳುವ ಹಕ್ಕು ತನಗಿಲ್ಲವೆಂದು ಪ್ರಿಯಂವದಾಗೆ ಅನ್ನಿಸಿತು. ‘ನಾನು ಹೊರಗಿರ್ತೀನಿ’ ಎಂದಷ್ಟೇ ಹೇಳಿ, ಬಾಗಿಲು ಎಳೆದುಕೊಂಡು ಮೆಟ್ಟಿಲ ಮೇಲೆ ಕೂತಳು.

ಒಳಗೆ ಫೋನಿನ ನಡುಕ ನಿಂತಿತು. ಆಮೇಲೆ ಇಟ್ಸೆಲ್‌ಳ ದನಿ, ‘ಅಪ್ಪಾ’ ಎಂದಿತು. ಆ ಕಡೆಯಿಂದ ಗಂಡಸಿನ ದನಿಯೊಂದು ಏನನ್ನೋ ಹೇಳಲು ಹೋಗಿ ಮುರಿಯಿತು. ಮತ್ತೆ ಹುಡುಗಿ, ಪಾಪೆಲೆಸ್ ಎಂಬ ಪದ, ಅಳು, ಬಿರುಸಿನ ಮಾತು. ಕೆಳಗೆ ಬಟ್ಟೆಯ ಯಂತ್ರಗಳು ತಿರುಗುತ್ತಿದ್ದವು. ಪ್ರಿಯಂವದಾ ಕಿವಿಗೊಡಲಿಲ್ಲ. ಈ ಮಾತು ತನಗೆ ಪೂರ್ತಿ ತಿಳಿಯದಿದ್ದುದೇ ಒಳ್ಳೆಯದೆಂದುಕೊಂಡಳು.

ಬಹಳ ಹೊತ್ತಾದ ಮೇಲೆ ಡೋನ್ಯಾ ಚೆಲೊ ಹೊರಗೆ ಬಂದು, ಫಾಯಿಲಿನಲ್ಲಿ ಸುತ್ತಿದ ಬಿಸಿಯಾದ ಪೊಟ್ಟಣವನ್ನು ಅವಳ ಕೈಗಿಟ್ಟಳು. ‘ಬರೀ ಕಾಳು, ಮಾಂಸವಿಲ್ಲ. ದೂರ ಹೋಗಬೇಕು ನೀವು.’ ಕಣ್ಣು ಕೆಂಪಾಗಿತ್ತು. ‘ಇನ್ನೂ ಮಾತಾಡುತ್ತಿದ್ದಾಳೆ.’

‘ಡೋನ್ಯಾ ಚೆಲೊ, ನಿಮಗೆ ಬೇರೆಯವರು ಬೇಕಿದ್ದರೆ, ಈ ಭಾಷೆಯಲ್ಲೇ ಹುಟ್ಟಿ ಬೆಳೆದವರು, ನಾನು...’

‘ಬುಧವಾರ ಬರುತ್ತೇವೆ’ ಎಂದಳು ಅಜ್ಜಿ. ‘ನೀವು ಸ್ಪ್ಯಾನಿಷಿನಲ್ಲೇ ಮಾತಾಡಿ. ನಿಮ್ಮ ಸ್ಪ್ಯಾನಿಷ್ ಬಹಳ ಕೆಟ್ಟದು. ಅವಳು ತಿದ್ದಲಿ.’

ಪೊಟ್ಟಣದ ಬಿಸಿ ಕೈಗೆ ತಾಗುತ್ತಿತ್ತು. ಇವರಿಗೆ ತಾನು ಏನೂ ಕೊಟ್ಟಿರಲಿಲ್ಲ. ಹಿಂತಿರುಗಿಸಲೂ ಆಗದೆ, ಎರಡು ಕೈಯಲ್ಲಿ ಹಿಡಿದುಕೊಂಡೇ ಮೆಟ್ಟಿಲಿಳಿದಳು.

ಕ್ಯಾರಲ್ಟನ್ನಿನಲ್ಲಿ ನಳಿನಿಯ ಮನೆ ತಲುಪಿದಾಗ ಇನ್ನೂ ಬೆಳಕಿತ್ತು. ಧಾರವಾಡದಿಂದ ನಳಿನಿಯ ಭಾವ ಬಂದಿದ್ದರು. ಮೇಜಿನ ಮೇಲೆ ಗಿರಮಿಟ್ಟು, ಚಹಾ. ದಿಯಾ ಚೀಲ ತರಲು ಮೇಲೆ ಹೋಗಿದ್ದಳು.

‘ಬರ್ರಿ ಪ್ರಿಯಾ, ಕೂಡ್ರಿ. ಚಾ ಕುಡೀರಿ ಮೊದ್ಲ’ ಎಂದಳು ನಳಿನಿ. ‘ನಮ್ಮ ಭಾವಾರಿಗೆ ನಿಮ್ಮ ದಿಯಾನ ನಾಯಿ ಕತಿ ಹೇಳ್ರಲಾ. ನಾ ಹೇಳಿದ್ರ ನಗಾನ ಬರವಲ್ದು. ನೀವಾ ಹೇಳಬೇಕು.’

‘ಬೇಡ ನಳಿನಿ.’

‘ಅಯ್ಯ, ಯಾಕ್ರಿ? ದಣದೀರೇನು? ಎಲ್ಡ ಮಾತು ಅದು.’

ಭಾವ ಆಗಲೇ ನಗಲು ತಯಾರಾಗಿ ಚಹಾದ ಕಪ್ಪು ಕೆಳಗಿಟ್ಟಿದ್ದರು. ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ದಿಯಾ ಬೆನ್ನಿಗೆ ಚೀಲ ಹಾಕಿಕೊಂಡು ಇಳಿದು ಬಂದಳು. ಯಾರನ್ನೂ ನೋಡದೆ, ‘ಇಟ್ಸ್ ಓಕೆ, ಅಮ್ಮ. ಗೋ ಅಹೆಡ್. ಐ ವಿಲ್ ವೇಟ್ ಇನ್ ದ ಕಾರ್’ ಎಂದು ಹೇಳಿ, ಶೂ ಮೆಟ್ಟಿ ಹೊರಗೆ ಹೋದಳು. ಬಾಗಿಲನ್ನು ಸದ್ದಿಲ್ಲದೆ ಮುಚ್ಚಿದಳು.

ಪ್ರಿಯಂವದಾ ನಿಂತೇ ಇದ್ದಳು. ಆ ಕತೆ ಹೇಳಿದ ಮನೆಗಳನ್ನು ಒಂದೊಂದಾಗಿ ನೆನೆದಳು. ಎಲ್ಲರ ಮುಖವೂ ನೆನಪಿಗೆ ಬಂತು. ಯಾರು ಮೊದಲು ನಕ್ಕರು, ಯಾರು ತಡವಾಗಿ ನಕ್ಕರು, ಯಾರಿಗೆ ನೆತ್ತಿಗೆ ಹತ್ತಿತು. ದಿಯಾ ಕನ್ನಡದಲ್ಲಿ ಉತ್ತರಿಸುವುದನ್ನು ಬಿಟ್ಟದ್ದು ಯಾವಾಗ? ಕತೆ ಹೇಳುವಾಗ ಅವಳು ಎಲ್ಲಿರುತ್ತಿದ್ದಳು? ಎಷ್ಟು ಹುಡುಕಿದರೂ ಆ ಮುಖ ಮಾತ್ರ ಯಾವ ಮನೆಯಲ್ಲೂ ಸಿಗಲಿಲ್ಲ.

‘ಆ ಕತೆ ಚೆನ್ನಾಗಿಲ್ಲ ನಳಿನಿ. ನಾನು ಬರ್ತೀನಿ’ ಎಂದಳು. ನಳಿನಿ ಏನೋ ಕೇಳಿದಳು, ಭಾವ ಕಪ್ಪನ್ನು ಮತ್ತೆ ಕೈಗೆತ್ತಿಕೊಂಡರು. ಪ್ರಿಯಂವದಾ ಚಪ್ಪಲಿ ಹುಡುಕಿದಳು.

ಕಾರಿನಲ್ಲಿ ದಿಯಾ ಎರಡೂ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಕಿಟಕಿಯ ಕಡೆ ತಿರುಗಿ ಕೂತಿದ್ದಳು. ಪ್ರಿಯಂವದಾ ಕೂತು ಬೆಲ್ಟ್ ಹಾಕಿದಳು. ಕಾರು ಶುರು ಮಾಡಲಿಲ್ಲ.

‘ದಿಯಾ, ಆ ಕತೆ ನಾನಿನ್ನು ಹೇಳಲ್ಲ.’

ದಿಯಾ ಒಂದು ಇಯರ್‌ಫೋನ್ ತೆಗೆದಳು. ‘ವಾಟ್?’

ಎರಡನೆಯ ಸಲ ಹೇಳುವುದು ಮೊದಲನೆಯದಕ್ಕಿಂತ ಕಷ್ಟವಾಗಿತ್ತು. ‘ಆ ನಾಯಿ ಕತೆ. ಇನ್ನು ಹೇಳಲ್ಲ. ಹೇಳಬಾರದಿತ್ತು.’

ದಿಯಾ ಅಮ್ಮನ ಮುಖವನ್ನು ನೋಡಿದಳು, ನಗುವನ್ನು ಹುಡುಕುವವಳ ಹಾಗೆ. ನಗು ಕಾಣಲಿಲ್ಲ. ‘ಓಕೆ’ ಎಂದಳು. ಮತ್ತೆ ಕಿಟಕಿಯ ಕಡೆ ತಿರುಗಿದಳು. ಪ್ರಿಯಂವದಾ ಕಾರು ಶುರು ಮಾಡಿದಳು. ತೆಗೆದ ಇಯರ್‌ಫೋನು ದಿಯಾಳ ಅಂಗೈಯಲ್ಲೇ ಇತ್ತು. ಸಿಗ್ನಲ್ ದಾಟಿ, ಅಂಗಡಿಸಾಲು ದಾಟಿ, ತಮ್ಮ ಬೀದಿಗೆ ತಿರುಗುವವರೆಗೂ ಅವಳು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.